ಬೇಟೆನೊಣದ ಚಿತ್ರವನ್ನು ಓದುವ ಬಗೆ



ನೊಣವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಊಟದ ಎಲೆಯ ಮೇಲೆ ಕೂರುವ, ಹಲಸಿನ ತೊಳೆಗೆ ಮುತ್ತುವ ಆ ಹೇಸಿಗೆಯ ಜೀವಿ. ನಾನು ಇಂದು ಹೇಳಹೊರಟಿರುವುದು ಅದರ ವಿಷಯವಲ್ಲ. ಈ ನೊಣ ಅನ್ನಕ್ಕೆ ಬರುವುದಿಲ್ಲ, ಕೊಳೆತ ಹಣ್ಣನ್ನು ಮುಟ್ಟುವುದಿಲ್ಲ. ಬೇಲಿಯ ಒಣಕಡ್ಡಿಯ ತುದಿಯಲ್ಲಿ ಕುಳಿತು, ಹಾರಿಹೋಗುವ ಕೀಟಗಳನ್ನು ತಲೆಹೊರಳಿಸಿ ನೋಡುತ್ತ, ತನಗೆ ತಕ್ಕುದು ಕಂಡೊಡನೆ ಬಾಣದಂತೆ ಎದ್ದು ಅದನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಹಿಡಿದು, ಬಹುಮಟ್ಟಿಗೆ ಅದೇ ಕಡ್ಡಿಗೆ ಹಿಂದಿರುಗುತ್ತದೆ. ಮುಳ್ಳುಗಾಲುಗಳ ಬುಟ್ಟಿಯೊಳಗೆ ಸಿಕ್ಕ ಆ ಕೀಟಕ್ಕೆ ತನ್ನ ಗಟ್ಟಿ ಕೊಕ್ಕನ್ನು ಚುಚ್ಚಿ ಜೊಲ್ಲನ್ನು ಹರಿಸುತ್ತದೆ. ಆ ಜೊಲ್ಲು ಬೇಟೆಯನ್ನು ನಿಶ್ಚೇಷ್ಟಗೊಳಿಸುವುದಲ್ಲದೆ ಒಳಗಿನದನ್ನೆಲ್ಲ ಕರಗಿಸುತ್ತದೆ. ಕರಗಿದ ರಸವನ್ನು ಹೀರಿಕೊಂಡು, ಬರಿಯ ಚಿಪ್ಪನ್ನು ಕೆಳಕ್ಕೆ ಬೀಳಿಸಿ, ನಮ್ಮ ನೊಣ ಮತ್ತೆ ಕಾವಲಿಗೆ ಕೂರುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲಿ ರಾಬರ್ ಫ್ಲೈ ಎಂದು ಹೆಸರು. ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ‘ದರೋಡೆ ನೊಣ’ ಎನ್ನುವವರಿದ್ದಾರೆ. ಭಾಷೆಯ ಮೇಷ್ಟರಾಗಿ ನನಗೆ ಅದು ಹಿಡಿಸದು. ಇದು ಯಾರ ಗಂಟನ್ನೂ ಕದಿಯುವುದಿಲ್ಲ. ಗಂಟಿನ ಒಡೆಯನನ್ನೇ ತಿನ್ನುತ್ತದೆ. ಜರ್ಮನರು ಇದನ್ನು ‘ರೌಬ್‌ಫ್ಲೀಗೆ’ ಎನ್ನುತ್ತಾರೆ. ಹುಲಿ ಸಿಂಹಗಳಂಥ ಬೇಟೆಪ್ರಾಣಿಗಳಿಗೆ ಅವರು ಹೇಳುವ ‘ರೌಬ್‌ಟೀರ್’ ಎಂಬ ಮಾತಿನಲ್ಲಿರುವುದೂ ಅದೇ ‘ರೌಬ್’. ಆದುದರಿಂದ ನಾನು ಇದನ್ನು ಬೇಟೆನೊಣ ಎಂದು ಕರೆಯುತ್ತೇನೆ. ಶಾಸ್ತ್ರೀಯವಾಗಿ ಇದರ ಕುಟುಂಬ ‘ಅಸಿಲಿಡೆ’. ಈ ಹೆಸರಿನ ಕಥೆಯೂ ಸ್ವಾರಸ್ಯವಾದದ್ದೇ. ಲ್ಯಾಟಿನ್ನಿನಲ್ಲಿ ‘ಅಸಿಲಸ್’ ಎಂದರೆ ದನಗಳನ್ನು ಕಾಡುವ ನೊಣ. ವರ್ಜಿಲ್ ಕವಿ ತನ್ನ ಕೃಷಿಕಾವ್ಯದಲ್ಲಿ ಹೇಳುವುದು ಅದನ್ನೇ. 1758ರಲ್ಲಿ ಲಿನೇಯಸ್ ಪಂಡಿತನು ಆ ಹೆಸರನ್ನು ಎತ್ತಿ, ದನಗಳ ಗೊಡವೆಗೇ ಹೋಗದ ಈ ಬೇಟೆಗಾರನಿಗೆ ತೊಡಿಸಿದ. ಹೆಸರು ಒಂದು, ಹೊತ್ತವನು ಇನ್ನೊಬ್ಬ. ಈ ಕುಟುಂಬದ ಚರಿತ್ರೆಯ ಮೊದಲ ಪುಟದಲ್ಲಿಯೇ ಹೀಗಾಯಿತು.

ಕನ್ನಡದ ಅಧ್ಯಾಪಕನಾಗಿದ್ದವನಿಗೆ ಈ ಹುಳದ ಸಹವಾಸ ಹೇಗೆ ಬಂತೆಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ಬೆಳಗಿನ ತಿರುಗಾಟದಲ್ಲಿ ಜೊತೆಗೊಂದು ಕ್ಯಾಮೆರಾ ಬಂತು. ಕ್ಯಾಮೆರಾ ಇದ್ದ ಮೇಲೆ ಚಿತ್ರಗಳು ಬಂದುವು. ಚಿತ್ರಗಳ ಬೆನ್ನಿಗೇ ‘ಇದಾವುದು?’ ಎಂಬ ಪ್ರಶ್ನೆಯೂ ಬಂತು. ಹಸ್ತಪ್ರತಿಗಳನ್ನೂ ಶಾಸನಗಳ ಪಡಿಯಚ್ಚುಗಳನ್ನೂ ಓದಿ ಸವೆದ ಕಣ್ಣಿಗೆ ಈ ಕೆಲಸ ಅಷ್ಟೇನೂ ಹೊಸದೆನಿಸಲಿಲ್ಲ. ಇಲ್ಲಿಯೂ ಕಾಣುವುದು ಗೆರೆಗಳು, ಚುಕ್ಕೆಗಳು, ಅಳಿಸಿದ ಎಡೆಗಳು. ಅವನ್ನು ಅಕ್ಷರವಾಗಿಸುವುದೇ ಓದು.

ರೇಡಿಯೋದಲ್ಲಿ ಚಿತ್ರವನ್ನು ತೋರಿಸಲಾರೆ. ನೀವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಮೊದಲು ತಲೆ. ಎರಡು ದೊಡ್ಡ ಕಣ್ಣುಗಳು ಎರಡು ಬದಿಗೆ ಉಬ್ಬಿ ನಿಂತಿವೆ. ಅವುಗಳ ನಡುವೆ ನೆತ್ತಿ ತಗ್ಗಾಗಿ, ಎರಡು ಗುಡ್ಡಗಳ ನಡುವಣ ಕಣಿವೆಯಂತಿದೆ. ಆ ಕಣಿವೆಯ ತಳದಲ್ಲೊಂದು ದಿಣ್ಣೆ, ಅದರ ಮೇಲೆ ಮೂರು ಸಣ್ಣ ಬಿಡಿಗಣ್ಣುಗಳು. ಎದುರಿನಿಂದ ತೆಗೆದ ಚಿತ್ರದಲ್ಲಿ ಈ ತಗ್ಗು ಕಂಡಿತೆಂದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ಮುಖದ ಮೇಲಿದೆ: ಬಾಯಿಯ ಮೇಲ್ಗಡೆ ಬಿರುಸಾದ ರೋಮಗಳ ಒಂದು ಪೊದೆ. ಪಂಡಿತರು ಇದನ್ನು ‘ಮಿಸ್ಟಾಕ್ಸ್’ ಎನ್ನುತ್ತಾರೆ. ಗ್ರೀಕಿನಲ್ಲಿ ಹಾಗೆಂದರೆ ಮೀಸೆಯೇ. ಒದ್ದಾಡುವ ಬೇಟೆಯ ಕಾಲು ಕೊಂಡಿಗಳು ಮುಖಕ್ಕೆ ತಾಗದಂತೆ ಈ ಮೀಸೆ ಕಾಯುತ್ತದೆಂದು ತಿಳಿದವರ ಅಭಿಪ್ರಾಯ. ನಮ್ಮಲ್ಲಿ ಹುಳುಗಳ ಹಣೆಯಿಂದ ಚಾಚುವ ಜೋಡಿ ಅಂಗಗಳಿಗೂ ಮೀಸೆಯೆನ್ನುವ ರೂಢಿಯುಂಟು. ಗೊಂದಲವಾಗದಿರಲೆಂದು ಅವನ್ನು ನಾನು ಕುಡಿಮೀಸೆ ಎನ್ನುತ್ತೇನೆ. ಮುಖದ ಮೇಲಣ ಪೊದೆ ಬರಿಯ ಮೀಸೆ.

ನೆತ್ತಿಯ ತಗ್ಗು, ಮುಖದ ಮೀಸೆ, ಗಟ್ಟಿ ಕೊಕ್ಕು, ಮುಳ್ಳುಗಾಲು, ಎರಡೇ ರೆಕ್ಕೆ. ಇಷ್ಟೂ ಇದ್ದರೆ ಅದು ಬೇಟೆನೊಣವೆನ್ನಲು ಅಡ್ಡಿಯಿಲ್ಲ. ರೆಕ್ಕೆ ಎರಡೇ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ಕುಟುಂಬದಲ್ಲಿ ವೇಷಧಾರಿಗಳು ಹಲವರು. ಕೆಲವು ಕಣಜದಂತೆ ಹಳದಿ ಕಪ್ಪು ಪಟ್ಟೆ ತೊಟ್ಟಿವೆ. ಇನ್ನು ಕೆಲವು ಮೈತುಂಬ ತುಪ್ಪಳ ಹೊದ್ದು ದುಂಬಿಯಂತೆ ಗುಂಯ್‌ಗುಟ್ಟುತ್ತವೆ. ‘ಹೈಪರೆಕಿಯಾ’ ಎಂಬ ಕುಲವಂತೂ ಮರವನ್ನು ಕೊರೆದು ಗೂಡು ಮಾಡುವ ಕರಿಯ ದುಂಬಿಯ ಪ್ರತಿರೂಪ. ಅದರ ಮರಿಗಳು ಬೆಳೆಯುವುದೂ ಆ ದುಂಬಿಯ ಗೂಡಿನಲ್ಲಿಯೇ, ದುಂಬಿಯ ಮರಿಗಳನ್ನೇ ತಿಂದು. ನಮ್ಮ ಕವಿಗಳು ಕೊಂಡಾಡಿದ ಕರಿಯ ತುಂಬಿ ಬಹುಶಃ ಈ ಮರ ಕೊರೆಯುವ ದುಂಬಿಯೇ ಎಂದು ನನ್ನ ಎಣಿಕೆ. ಹಾಗಿದ್ದರೆ ತುಂಬಿಯ ವೇಷದಲ್ಲಿ ತುಂಬಿಯ ಮನೆಗೇ ನುಗ್ಗುವ ಈ ಪಾತ್ರ ಯಾವ ಕವಿಯ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ವೇಷವನ್ನು ಕಳಚುವುದು ಹೇಗೆ? ಕಣಜಕ್ಕೂ ದುಂಬಿಗೂ ನಾಲ್ಕು ರೆಕ್ಕೆ. ಕುಡಿಮೀಸೆ ಉದ್ದವಾಗಿ ಮೊಣಕೈಯಂತೆ ಬಾಗಿರುತ್ತದೆ. ನೊಣಕ್ಕೆ ರೆಕ್ಕೆ ಎರಡು. ಹಿಂದಿನ ಜೋಡಿಯ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಸಣ್ಣ ಕಡ್ಡಿಗಳು, ಹಾರುವಾಗ ಸಮತೋಲ ಕಾಯುವುದಕ್ಕೆ. ಬೇಟೆನೊಣದ ಕುಡಿಮೀಸೆ ಗಿಡ್ಡ. ಚಿತ್ರದಲ್ಲಿ ನಾಲ್ಕು ರೆಕ್ಕೆ ಒಂದರ ಮೇಲೊಂದು ಕೂಡಿಕೊಂಡು ಎರಡಾಗಿ ಕಾಣುವುದೂ ಉಂಟು. ಆಗ ಕುಡಿಮೀಸೆಯ ಸಾಕ್ಷಿಯೇ ಗಟ್ಟಿ.

ಈ ಭೇದ ಬರಿಯ ಪಂಡಿತರ ಹವ್ಯಾಸವಲ್ಲ. ಶಿರಸಿಯ ಕಡೆ ಜೇನು ಸಾಕುವ ನನ್ನ ಕಿರಿಯ ಮಿತ್ರರೊಬ್ಬರಿದ್ದಾರೆ. ಅಡಕೆ ತೋಟದ ನಡುವೆ ತುಡುವೆ ಜೇನಿನ ಹತ್ತಾರು ಪೆಟ್ಟಿಗೆಗಳನ್ನಿಟ್ಟಿದ್ದಾರೆ. ಒಂದು ದಿನ ಅವರಿಂದ ಮೂರು ಚಿತ್ರಗಳು ಬಂದುವು, ಹಿಂದೆಯೇ ದೂರವಾಣಿಯ ಕರೆ. “ಮೇಷ್ಟ್ರೆ, ಇದು ಯಾವ ಕಣಜ? ಪೆಟ್ಟಿಗೆಯ ಎದುರಿಗೇ ಕೂತು ಜೇನು ಹಿಡೀತಾ ಇದೆ. ಗೂಡು ಎಲ್ಲಿರಬಹುದು? ತೋಟಕ್ಕೆಲ್ಲ ಔಷಧಿ ಹೊಡೆಸಿಬಿಡಲೆ?” ದನಿಯಲ್ಲಿ ಗಾಬರಿಯಿತ್ತು. ಅದಕ್ಕೆ ಕಾರಣವೂ ಇತ್ತು: ದೊಡ್ಡ ಕಣಜಗಳು ಒಮ್ಮೆ ಪೆಟ್ಟಿಗೆಯ ದಾರಿ ಕಂಡುಕೊಂಡರೆ ಮತ್ತೆ ಮತ್ತೆ ಬಂದು ಸಂಸಾರವನ್ನೇ ಬರಿದು ಮಾಡಬಲ್ಲುವು.

ಅವರಿಗೆ ಉತ್ತರ ಹೇಳುವ ಮುನ್ನ ಮೂರು ಚಿತ್ರಗಳನ್ನೂ ಹಿಗ್ಗಿಸಿ ಓದಿದೆ. ಒಂದರಲ್ಲಿ ಬದಿಯ ನೋಟ: ಮುಖದಲ್ಲಿ ದಟ್ಟವಾದ ಮಾಸಲು ಹಳದಿಯ ಮೀಸೆ, ಗಿಡ್ಡ ಕುಡಿಮೀಸೆ, ಅದರ ತುದಿಯಲ್ಲಿ ಕೂದಲೆಳೆಯಂಥ ಒಂದು ಕಡ್ಡಿ, ಕಾಲುಗಳ ನಡುವೆ ಒಂದು ತುಡುವೆ ಜೇನು. ಕಣಜವಲ್ಲವೆಂಬುದು ಅಷ್ಟರಲ್ಲೇ ಸ್ಪಷ್ಟವಾಯಿತು. ಎರಡನೆಯದು ಮಸುಕು. ಮೂರನೆಯದು ಮೇಲಿನಿಂದ ತೆಗೆದದ್ದು, ರೆಕ್ಕೆಯೊಂದು ಸ್ವಲ್ಪ ಹೊರಕ್ಕೆ ಸರಿದಿತ್ತು. ನೊಣದ ರೆಕ್ಕೆಯನ್ನು ನರಗಳು ಹಳೆಯ ಮನೆಯ ಅಂಕಣಗಳಂತೆ ವಿಭಾಗಿಸಿರುತ್ತವೆ. ಮುಂದಂಚಿನ ಬಳಿಯಿರುವ ಒಂದು ನೀಳ ಅಂಕಣ ಕೆಲವು ಬೇಟೆನೊಣಗಳಲ್ಲಿ ರೆಕ್ಕೆಯ ಅಂಚಿನವರೆಗೂ ಬಾಯ್ದೆರೆದಿರುತ್ತದೆ. ಇನ್ನು ಕೆಲವುಗಳಲ್ಲಿ ಅಂಚನ್ನು ಮುಟ್ಟುವ ಮುನ್ನವೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಮುಚ್ಚಿತ್ತು. ಅದರ ಕೆಳಗೆ, ರೆಕ್ಕೆಯ ತುದಿಯತ್ತ, ಸಾಮಾನ್ಯವಾಗಿ ಎರಡಿರುವ ಅಂಕಣಗಳು ಇಲ್ಲಿ ಮೂರಿದ್ದುವು. ಮುಚ್ಚಿದ ಅಂಕಣ, ಕುಡಿಮೀಸೆಯ ಕಡ್ಡಿ, ಮೂರರ ಎಣಿಕೆ, ದೊಡ್ಡ ಮೈ: ಇವೆಲ್ಲ ಕೂಡಿ ‘ಪ್ರೊಮ್ಯಾಕಸ್’ ಎಂಬ ಕುಲವನ್ನು ತೋರಿಸಿದುವು. ಗ್ರೀಕಿನಲ್ಲಿ ಪ್ರೊಮ್ಯಾಕಸ್ ಎಂದರೆ ಮುಂಚೂಣಿಯಲ್ಲಿ ನಿಂತು ಕಾದುವವನು. ಹೆಸರಿಟ್ಟವನು ರಸಿಕನೇ ಇರಬೇಕು.

ಮಿತ್ರರಿಗೆ ಹೇಳಿದೆ: “ಇದಕ್ಕೆ ಗೂಡಿಲ್ಲ, ದಂಡಿಲ್ಲ. ಒಂಟಿ ಬೇಟೆಗಾರ. ದಿನಕ್ಕೆ ಕೆಲವು ಜೇನನ್ನು ಹಿಡಿದೀತು, ಪೆಟ್ಟಿಗೆಯೊಳಕ್ಕೆ ಇಳಿಯುವುದಿಲ್ಲ. ಔಷಧಿ ಹೊಡೆಸಿದರೆ ಈ ನೊಣಕ್ಕಿಂತ ಮೊದಲು ಸಾಯುವುದು ನಿಮ್ಮ ಜೇನೇ.” ಇನ್ನೂ ಒಂದು ಮಾತು ಹೇಳಬೇಕಾಗಿತ್ತು. ಬೇಟೆನೊಣಗಳ ಮರಿಹುಳುಗಳು ಮಣ್ಣಿನಲ್ಲಿಯೋ ಕೊಳೆತ ಮರದಲ್ಲಿಯೋ ಇದ್ದು ಅಲ್ಲಿನ ಹುಳುಗಳನ್ನು ತಿನ್ನುತ್ತವೆ. ಪ್ರೊಮ್ಯಾಕಸ್ ಕುಲದ ಕೆಲವು ಪ್ರಭೇದಗಳ ಮರಿಗಳು ಗೊಣ್ಣೆಹುಳುಗಳನ್ನು ತಿನ್ನುವುದನ್ನು ಹೊರದೇಶಗಳಲ್ಲಿ ಕಂಡವರಿದ್ದಾರೆ. ಗೊಣ್ಣೆಹುಳು ಎಂದರೆ ಏನೆಂದು ಅಡಕೆ ಬೆಳೆಗಾರರಿಗೆ ನಾನು ವಿವರಿಸಬೇಕಾಗಿಲ್ಲ. ಅವರು ಔಷಧಿ ಹೊಡೆಸಲಿಲ್ಲ. ಪೆಟ್ಟಿಗೆಯ ಎದುರಿಗಿದ್ದ ಒಣಕಡ್ಡಿಗಳನ್ನು ಕಿತ್ತುಹಾಕಿದರಂತೆ. ಕೂರಲು ತಾವಿಲ್ಲದೆ ನೊಣ ಬೇರೆ ಕಡೆ ಹೋಯಿತಂತೆ.

ಗಮನಿಸಿ, ಅವರಿಗೆ ಪ್ರಭೇದದ ಹೆಸರು ಬೇಕಾಗಿರಲಿಲ್ಲ. ಕುಲದ ಹೆಸರಿನಿಂದಲೇ ಕೆಲಸವಾಯಿತು. ಚಿತ್ರ ಅಲ್ಲಿಯವರೆಗೆ ಕರೆದೊಯ್ದಿತ್ತು. ಅಲ್ಲಿಂದ ಮುಂದಕ್ಕೆ ಒಯ್ಯುವ ಶಕ್ತಿ ಆ ಮೂರು ಚಿತ್ರಗಳಿಗಿರಲಿಲ್ಲ.

ಹೀಗೆ ಕುಲದವರೆಗೆ ಕರೆದೊಯ್ಯುವ ಗುರುತುಗಳು ಇನ್ನೂ ಕೆಲವುಂಟು. ‘ಒಮೇಷಿಯಸ್’ ಎಂಬ ಸಣ್ಣ ಬೇಟೆನೊಣ ನಮ್ಮ ತೋಟ ಪೊದೆಗಳಲ್ಲಿ ಸಾಮಾನ್ಯ. ಅದರ ಕುಡಿಮೀಸೆಯ ಕಡ್ಡಿಗೆ ಪುಟ್ಟ ಗರಿಯಂತೆ ರೋಮಗಳಿರುತ್ತವೆ. ಚಿತ್ರ ಚೆನ್ನಾಗಿದ್ದರೆ ಈ ಗರಿ ಕಂಡೇ ಕಾಣುತ್ತದೆ. ‘ಲ್ಯಾಫ್ರಿಯಾ’ದ ಬಳಗದಲ್ಲಿ ಅಂಕಣ ಮುಚ್ಚಿದ್ದರೂ ಕುಡಿಮೀಸೆಯ ತುದಿ ಮೊಂಡು, ಕಡ್ಡಿಯೇ ಇಲ್ಲ. ‘ಸ್ಟಿಕೊಪೊಗಾನ್’ ನದಿಯ ಮರಳಿನ ಮೇಲೆ ಕೂರುವ ಬೆಳ್ಳಿಬೂದಿ ಬಣ್ಣದ ಚಿಕ್ಕ ನೊಣ. ಅದರ ಕಣ್ಣುಗಳು ನೆತ್ತಿಯತ್ತ ಹೋದಂತೆ ದೂರ ಸರಿಯುತ್ತವೆ. ‘ಲೆಪ್ಟೊಗ್ಯಾಸ್ಟರ್’ ಬಳಗದವು ಹುಲ್ಲಿನ ನಡುವೆ ದಾರದಂತೆ ತೇಲುತ್ತವೆ. ಮೊದಲ ನೋಟಕ್ಕೆ ಸಣ್ಣ ಏರೋಪ್ಲೇನ್ ಚಿಟ್ಟೆಯೆಂದೇ ತೋರುತ್ತದೆ. ಅವುಗಳ ಉಗುರುಗಳ ಕೆಳಗೆ ಇತರ ಬೇಟೆನೊಣಗಳಿಗಿರುವ ಮೆತ್ತೆ ಇಲ್ಲ. ಅದನ್ನು ಚಿತ್ರದಲ್ಲಿ ಕಾಣಬೇಕಾದರೆ ಕಾಲಿನ ತುದಿಗೇ ಕ್ಯಾಮೆರಾ ಹಿಡಿಯಬೇಕು. ಕಾಲಿನ ತುದಿಯ ಚಿತ್ರವನ್ನು ಯಾರು ತೆಗೆಯುತ್ತಾರೆ? ಎಲ್ಲರಿಗೂ ಮುಖ ಬೇಕು.

ಇನ್ನು ಪ್ರಭೇದದ ಮಾತು. ಜಗತ್ತಿನಲ್ಲಿ ಇದುವರೆಗೆ ವರ್ಣಿತವಾಗಿರುವ ಬೇಟೆನೊಣಗಳು 7,000ಕ್ಕೂ ಮಿಕ್ಕಿವೆ. ಬ್ರಿಟನ್ನಿನಲ್ಲಿರುವುದು 30ಕ್ಕಿಂತ ಕಡಮೆ. ಭಾರತದಲ್ಲಿ ಸುಮಾರು 500. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿಯೇ ನಮ್ಮ ಕಷ್ಟವಿದೆ. ಅಲ್ಲಿಯ ‘ಅಸಿಲಸ್ ಕ್ರಬ್ರೊನಿಫಾರ್ಮಿಸ್’ ಎಂಬ ದೊಡ್ಡ ಹಳದಿ ನೊಣವನ್ನು ಒಂದು ಸಾಧಾರಣ ಚಿತ್ರದಿಂದಲೂ ನಿಶ್ಚಯವಾಗಿ ಹೇಳಬಹುದು, ಏಕೆಂದರೆ ಅದನ್ನು ಹೋಲುವ ಇನ್ನೊಂದು ಬೇಟೆನೊಣ ಆ ದ್ವೀಪದಲ್ಲಿಲ್ಲ. ನಮ್ಮಲ್ಲಿ ಒಂದು ಒಮೇಷಿಯಸ್ ಸಿಕ್ಕಿತೆಂದರೆ, ಅದಕ್ಕೆ ದಾಯಾದಿಗಳು ಹಲವರು. ಅವರ ನಡುವಣ ವ್ಯತ್ಯಾಸ ಅನೇಕ ವೇಳೆ ಗಂಡಿನ ಬಾಲದ ತುದಿಯಲ್ಲಿರುವ ಜನನಾಂಗದ ರಚನೆಯಲ್ಲಿ ಅಡಗಿರುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿಯೇ ನೋಡಬೇಕು. ಬೇಲಿಯ ಮೇಲೆ ಕುಳಿತ ನೊಣದ ಚಿತ್ರ ಅದನ್ನು ಕೊಡಲಾರದು. ಜೊತೆಗೆ ನಮ್ಮ ಎಷ್ಟೋ ಪ್ರಭೇದಗಳಿಗೆ ಮೊದಲು ಹೆಸರಿಟ್ಟವರು ಈ ನೆಲವನ್ನು ಮೆಟ್ಟದ ಪರದೇಶದ ವಿದ್ವಾಂಸರು. ಫ್ಯಾಬ್ರೀಸಿಯಸ್, ವೀಡೆಮಾನ್, ಮ್ಯಾಕ್ವಾರ್, ವಾಕರ್ ಮೊದಲಾದವರು ಎರಡು ಮೂರು ಸಾಲುಗಳಲ್ಲಿ ವರ್ಣಿಸಿಟ್ಟ ನೊಣಗಳು ಲಂಡನ್, ಪ್ಯಾರಿಸ್, ಕೋಪನ್‌ಹೇಗನ್‌ಗಳ ಪೆಟ್ಟಿಗೆಗಳಲ್ಲಿ ಸೂಜಿಗೆ ಸಿಕ್ಕಿಕೊಂಡಿವೆ. 1962ರಲ್ಲಿ ಅಮೆರಿಕದ ಹಲ್ ಎಂಬ ವಿದ್ವಾಂಸ ಜಗತ್ತಿನ ಬೇಟೆನೊಣಗಳ ಕುಲಗಳನ್ನೆಲ್ಲ ಎರಡು ದೊಡ್ಡ ಸಂಪುಟಗಳಲ್ಲಿ ವಿವರಿಸಿದ. ನಮ್ಮ ನೊಣಗಳಿಗೆ ನಮ್ಮವರೇ ಆದ ಜೋಸೆಫ್ ಮತ್ತು ಪರೂಯಿ ಅವರು ಬರೆದ ಸಂಪುಟ ಭಾರತೀಯ ಪ್ರಾಣಿ ಸರ್ವೇಕ್ಷಣೆಯಿಂದ 1998ರಲ್ಲಿ ಹೊರಬಂತು. ಅದನ್ನು ತೆರೆದು ನೋಡಿದವರಿಗೆ ತಿಳಿಯುತ್ತದೆ: ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಹಲವಕ್ಕೆ ಚಿತ್ರ ಉತ್ತರ ಹೇಳುವುದಿಲ್ಲ.

ಆದರೂ ಇಂದು ಹೆಸರುಗಳಿಗೇನೂ ಬರಗಾಲವಿಲ್ಲ. ಕೈಯಲ್ಲಿರುವ ದೂರವಾಣಿಗೇ ಚಿತ್ರವನ್ನು ತೋರಿಸಿದರೆ ಕ್ಷಣದಲ್ಲಿ ಎರಡು ಪದದ ಲ್ಯಾಟಿನ್ ಹೆಸರು ಬಂದು ಬೀಳುತ್ತದೆ. ಯಂತ್ರವನ್ನು ನಾನು ಹಳಿಯುವುದಿಲ್ಲ. ಕುಟುಂಬವನ್ನು ಅದು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಆದರೆ ತನಗೆ ಕಲಿಸಿದ ಚಿತ್ರಗಳಲ್ಲಿ ಇದ್ದ ಹೆಸರನ್ನಷ್ಟೇ ಅದು ಹೇಳಬಲ್ಲುದು. ಯಾವ ನಾಡಿನ ಚಿತ್ರಗಳು ಹೆಚ್ಚೋ ಆ ನಾಡಿನ ಹೆಸರು ಅದರ ನಾಲಗೆಯ ತುದಿಯಲ್ಲಿರುತ್ತದೆ. ಬಯಲುಸೀಮೆಯ ನೊಣಕ್ಕೆ ಯುರೋಪಿನ ಹೆಸರು ಬಂದರೆ ಆಶ್ಚರ್ಯವಿಲ್ಲ. ಆ ಹೆಸರನ್ನು ಒಬ್ಬರು ಬರೆದಿಡುತ್ತಾರೆ, ಮತ್ತೊಬ್ಬರು ನಕಲು ಮಾಡುತ್ತಾರೆ, ಮೂರನೆಯವರು ‘ಈ ಪ್ರಭೇದ ಕರ್ನಾಟಕದಲ್ಲಿಯೂ ಉಂಟು’ ಎಂದು ಪಟ್ಟಿಗೆ ಸೇರಿಸುತ್ತಾರೆ. ಲಿಪಿಕಾರನೊಬ್ಬನ ಕೈತಪ್ಪು ಮುಂದಿನ ಪ್ರತಿಗಳಲ್ಲೆಲ್ಲ ಪಾಠವಾಗಿ ನಿಲ್ಲುವುದನ್ನು ಬಲ್ಲ ನಮಗೆ ಇದು ಪರಿಚಿತವಾದ ರೋಗವೇ. ಪಟ್ಟಿಯಲ್ಲಿ ಇಲ್ಲದ ನೊಣ ಇದ್ದಂತಾಗುತ್ತದೆ; ನಿಜವಾಗಿ ಇದ್ದು, ಬಹುಶಃ ಇನ್ನೂ ಹೆಸರನ್ನೇ ಪಡೆಯದ ನೊಣ ಆ ಸುಳ್ಳು ಹೆಸರಿನ ಹಿಂದೆ ಮರೆಯಾಗುತ್ತದೆ.

ಶಾಸನಗಳನ್ನು ಪ್ರಕಟಿಸುವವರಲ್ಲಿ ಒಂದು ಪದ್ಧತಿಯುಂಟು. ಸಂದೇಹವಿರುವ ಅಕ್ಷರವನ್ನು ಕಂಸದೊಳಗೆ ಇಡುತ್ತಾರೆ. ಅಳಿಸಿಹೋದ ಎಡೆಯಲ್ಲಿ ಚುಕ್ಕೆಗಳನ್ನು ಹಾಕುತ್ತಾರೆ. ಅರ್ಥ ಎಷ್ಟೇ ಸೊಗಸಾಗಿ ಕೂಡಿಬರುವಂತಿದ್ದರೂ ಕಲ್ಲಿನ ಮೇಲೆ ಇಲ್ಲದುದನ್ನು ಇದೆಯೆಂದು ಅಚ್ಚು ಹಾಕುವುದಿಲ್ಲ. ಮುಂದೆ ಇನ್ನೊಬ್ಬರು ಕಲ್ಲಿನ ಬಳಿಗೇ ಹೋಗಿ ಬೇರೆ ಬೆಳಕಿನಲ್ಲಿ ನೋಡಿ ಆ ಕಂಸವನ್ನು ತೆಗೆಯಬಹುದು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ಸಂಪುಟಗಳು ಬಂದದ್ದು ಇಂಥ ಮರುಓದಿನಿಂದಲೇ. ನನ್ನ ಚಿತ್ರಗಳ ಕೆಳಗೆ ನಾನು ಬರೆಯುವುದೂ ಹೀಗೆಯೇ: ‘ಒಮೇಷಿಯಸ್, ಪ್ರಭೇದ ನಿರ್ಧಾರವಾಗಿಲ್ಲ, ಕುಡಿಮೀಸೆಯ ಗರಿ ಕಾಣುತ್ತದೆ, ಬಾಲದ ತುದಿ ಕಾಣುವುದಿಲ್ಲ.’ ಹೆಸರಿನ ಜೊತೆಗೆ ಆಧಾರವನ್ನೂ, ಕಾಣದುದನ್ನೂ ಬರೆದರೆ ಮುಂದೆ ನೋಡುವವನಿಗೆ ಎಲ್ಲಿಂದ ಹೊರಡಬೇಕೆಂದು ತಿಳಿಯುತ್ತದೆ.

ಹಾಗೆಂದು ಚಿತ್ರವನ್ನು ಕೀಳಾಗಿ ಕಾಣಬೇಕಾಗಿಲ್ಲ. ಸೂಜಿಗೆ ಚುಚ್ಚಿದ ನೊಣ ಹೇಳದ ಎಷ್ಟೋ ಸಂಗತಿಗಳನ್ನು ಅದು ಹೇಳುತ್ತದೆ. ಬದುಕಿರುವಾಗ ಹಸಿರಾಗಿ ಹೊಳೆಯುವ ಕಣ್ಣು ಸತ್ತ ಮೇಲೆ ಮಂಕಾಗುತ್ತದೆ. ಆ ಬಣ್ಣ ಉಳಿಯುವುದು ಚಿತ್ರದಲ್ಲಿ ಮಾತ್ರ. ಯಾವ ಗಿಡದ ಮೇಲೆ, ಎಷ್ಟು ಎತ್ತರದಲ್ಲಿ, ಬಿಸಿಲಿನಲ್ಲೋ ನೆರಳಿನಲ್ಲೋ, ಕಾಲಿನ ನಡುವೆ ಯಾವ ಬೇಟೆ ಎಂಬುದೂ ಚಿತ್ರದಲ್ಲಿದೆ. ಬೇಟೆಯ ಚಿತ್ರವಂತೂ ಬಹಳ ಬೆಲೆಯುಳ್ಳದ್ದು. ಯಾವ ನೊಣ ಏನನ್ನು ತಿನ್ನುತ್ತದೆಂಬ ತಿಳಿವು ಹೆಚ್ಚುವುದು ಇಂಥ ದಾಖಲೆಗಳು ಕೂಡಿದಾಗಲೇ. ಬೇಟೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಈ ಕುಟುಂಬದಲ್ಲಿ ಕೆಲವೇ ಮಿಲಿಮೀಟರಿನ ನೊಣವೂ ಇದೆ, ಐದು ಸೆಂಟಿಮೀಟರನ್ನು ಮೀರುವುದೂ ಇದೆ; ಹಿಗ್ಗಿಸಿದ ಚಿತ್ರದಲ್ಲಿ ಎರಡೂ ಒಂದೇ. ಕಾಲಿನ ನಡುವೆ ಪರಿಚಿತವಾದ ಜೇನೊಂದಿದ್ದರೆ ಅದೇ ಅಳತೆಗೋಲಾಗುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚು ತಗಲುವುದಾದರೆ ಎರಡು ಮಾತು. ಒಂದು ನೊಣಕ್ಕೆ ಒಂದೇ ಚಿತ್ರ ಸಾಲದು. ಬದಿಯಿಂದೊಂದು, ಮೇಲಿನಿಂದೊಂದು, ಎದುರಿನಿಂದೊಂದು, ಸಾಧ್ಯವಾದರೆ ಬಾಲದ ತುದಿಯದೊಂದು. ಬಣ್ಣವನ್ನು ಪೂರ್ತಿ ನಂಬಬೇಡಿ. ಬೆಳಗಿನ ಬಿಸಿಲಿನಲ್ಲಿ ಕೆಂಪಾಗಿ ಕಂಡ ಕಾಲು ಮೋಡದಲ್ಲಿ ಕಂದಾಗಿ ಬರುತ್ತದೆ. ಊರು, ದಿನ, ಹೊತ್ತು ಇವನ್ನು ಅಂದೇ ಬರೆದಿಡಿ. ಬಿಸಿಲು ಏರುತ್ತಿರುವ ಹೊತ್ತಿನಲ್ಲಿ ಹೊಲದ ಬದುವಿನ ಬಳಿ, ಬೇಲಿಯ ಒಣಕಡ್ಡಿಗಳನ್ನು ನೋಡುತ್ತ ನಡೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದ ಕಡೆಯಿಂದ ಹತ್ತಿರ ಸರಿಯಿರಿ. ಎದ್ದು ಹಾರಿತೆಂದರೆ ಬೆನ್ನಟ್ಟಬೇಡಿ. ಇದ್ದಲ್ಲಿಯೇ ಅಲುಗಾಡದೆ ನಿಂತಿರಿ. ಸ್ವಲ್ಪ ಹೊತ್ತಿನಲ್ಲಿ ಅದೇ ಕಡ್ಡಿಗೆ ಅದು ಮರಳಿ ಬರುವ ಸಂಭವವೇ ಹೆಚ್ಚು. ಬರುವಾಗ ಕಾಲಿನಲ್ಲಿ ಏನಾದರೂ ಇದ್ದರೂ ಇರಬಹುದು.